ಹೊಸದಾಗಿ ಟೈಪ್ 2 ಅಂತ ಗೊತ್ತಾಗಿದೆ: ಮೊದಲ ಮೂರು ತಿಂಗಳು ಶುಗರ್ ಯಾವಾಗ ನೋಡಬೇಕು, ಏನು ಬದಲಾಯಿಸಬೇಕು?

ಮೊದಲಹೆಜ್ಜೆ:
ಟೈಪ್ 2 ಡಯಾಬಿಟಿಸ್ ಅಂತ ಈ ವಾರ ರಿಪೋರ್ಟ್ ಬಂದಿದೆ. ವಯಸ್ಸು 46. ಖಾಲಿ ಹೊಟ್ಟೆಯ ಶುಗರ್ ಎರಡು ಸಲ ನೋಡಿದಾಗಲೂ 160ರ ಮೇಲೆ, ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸೋ ರಕ್ತಪರೀಕ್ಷೆ) 8.4. ಮೆಟ್‌ಫಾರ್ಮಿನ್ 500 ಬೆಳಿಗ್ಗೆ, ರಾತ್ರಿ ಊಟದ ಜೊತೆ ಅಂತ ಬರೆದುಕೊಟ್ಟು ಮೂರು ತಿಂಗಳು ಬಿಟ್ಟು ಬನ್ನಿ ಅಂದಿದ್ದಾರೆ. ಮೀಟರ್ ಇದೆ. ದಿನಾ ಬೆಳಿಗ್ಗೆ ನೋಡಿದರೆ 150, 172, 158 ಅಂತ ಮೇಲೆ ಕೆಳಗೆ ಆಗ್ತಿದೆ. ಈ ನಂಬರ್ ಇಟ್ಟುಕೊಂಡು ಏನು ಮಾಡಬೇಕು ಅನ್ನೋದೇ ತಿಳೀತಿಲ್ಲ. ಯಾವಾಗ ನೋಡಬೇಕು, ಎಷ್ಟಿದ್ದರೆ ಸರಿ, ಊಟದಲ್ಲಿ ಮೊದಲು ಏನು ಬದಲಾಯಿಸಬೇಕು? ತಿಳಿದವರು ಬಿಡಿಸಿ ಹೇಳಿ.

ಜೋಡಿಲೆಕ್ಕ:
ಬರೀ ಬೆಳಗಿನ ನಂಬರ್ ನೋಡಿ ಪ್ರಯೋಜನ ಕಡಿಮೆ. ರಾತ್ರಿಯೆಲ್ಲ ಲಿವರ್ ಏನು ಮಾಡಿತು ಅನ್ನೋದನ್ನ ಅದು ಹೇಳುತ್ತೆ, ಮಧ್ಯಾಹ್ನದ ಊಟ ನಿಮಗೆ ಒಗ್ಗಿತಾ ಇಲ್ವಾ ಅನ್ನೋದನ್ನಲ್ಲ.

ಜೋಡಿ ಪರೀಕ್ಷೆ ಮಾಡಿ. ಊಟಕ್ಕೆ ಕೂರೋ ಮುಂಚೆ ಒಂದು, ಮೊದಲ ತುತ್ತು ಬಾಯಿಗಿಟ್ಟ ಹೊತ್ತಿನಿಂದ ಎರಡು ಗಂಟೆಗೆ ಇನ್ನೊಂದು. ಎರಡು ಗಂಟೆಯ ಲೆಕ್ಕ ಊಟ ಮುಗಿದ ಮೇಲೆ ಅಲ್ಲ, ಶುರುವಾದಾಗಿನಿಂದ. ಇದನ್ನ ಬಹಳ ಜನ ತಪ್ಪಿಸ್ತಾರೆ. ಎರಡರ ಅಂತರ 30ರಿಂದ 50ರೊಳಗಿದ್ದರೆ ಆ ಊಟ, ಆ ಪ್ರಮಾಣ ನಿಮಗೆ ನಡೆಯುತ್ತೆ. 80, 100 ಏರಿದರೆ ಅದೇ ಊಟದಲ್ಲಿ ಒಂದೇ ಒಂದನ್ನ ಬದಲಾಯಿಸಿ ಮತ್ತೆ ನೋಡಿ. ಅನ್ನ ಕಡಿಮೆ ಮಾಡಿ, ನಡಿಗೆ ಶುರು ಮಾಡಿ, ಮಾತ್ರೆ ಹೊತ್ತೂ ಬದಲಾಯಿಸಿ ಅಂತ ಒಂದೇ ದಿನ ಎಲ್ಲ ಮಾಡಿದರೆ ಯಾವುದು ಕೆಲಸ ಮಾಡಿತು ಅಂತ ಯಾವತ್ತೂ ಗೊತ್ತಾಗಲ್ಲ.

ಸ್ಟ್ರಿಪ್ ಉಳಿಸಬೇಕಾದರೆ ದಿನಕ್ಕೆ ಒಂದೇ ಜೋಡಿ ಸಾಕು. ಎರಡು ಮೂರು ದಿನ ಬೆಳಗಿನ ತಿಂಡಿಗೆ, ಆಮೇಲೆ ಮಧ್ಯಾಹ್ನದ ಊಟಕ್ಕೆ, ಆಮೇಲೆ ರಾತ್ರಿಗೆ.

ಗುರಿ ಎಷ್ಟು ಅಂದರೆ, ಗರ್ಭಿಣಿಯರಲ್ಲದ ಹೆಚ್ಚಿನ ವಯಸ್ಕರಿಗೆ ಊಟಕ್ಕೆ ಮುಂಚೆ 80ರಿಂದ 130, ಊಟದ ನಂತರ 180ರೊಳಗೆ. ವಯಸ್ಸಾದವರಿಗೆ, ಬೇರೆ ಕಾಯಿಲೆ ಇರುವವರಿಗೆ ಡಾಕ್ಟರ್ ಇದನ್ನ ಸಡಿಲ ಮಾಡ್ತಾರೆ. ಈ ಲೆಕ್ಕವೆಲ್ಲ ಎಂಜಿ/ಡಿಎಲ್‌ನಲ್ಲಿ; ನಿಮ್ಮ ಮೀಟರ್ 8, 9 ಅಂತ ಮಿಲಿಮೋಲ್‌ನಲ್ಲಿ ತೋರಿಸಿದರೆ 18ರಿಂದ ಗುಣಿಸಿಕೊಳ್ಳಿ.

ಲ್ಯಾಬ್‌ಮೇಜು:
150, 172, 158 ನೋಡಿ ಮೇಲೆ ಕೆಳಗೆ ಆಗ್ತಿದೆ ಅಂದಿದ್ದೀರಿ. ಅದು ಆಗ್ತಾನೇ ಇಲ್ಲ. ಮನೆಯ ಮೀಟರ್‌ಗೆ ಇರುವ ಐಎಸ್‌ಒ 15197 ಮಾನದಂಡದ 2013ರ ಆವೃತ್ತಿಯ ಪ್ರಕಾರ, 100ರ ಮೇಲಿನ ಓದುಗಳಲ್ಲಿ 95% ಓದು ಲ್ಯಾಬ್ ಬೆಲೆಯ ಹಿಂದೆ ಮುಂದೆ 15%ರೊಳಗಿದ್ದರೆ ಸಾಕು. ಅಂದರೆ ನಿಜವಾದ ಬೆಲೆ 160 ಇದ್ದಾಗ ಮೀಟರ್ 136 ತೋರಿಸಿದರೂ ಪಾಸ್, 184 ತೋರಿಸಿದರೂ ಪಾಸ್. ನಿಮ್ಮ ಮೂರೂ ಓದು ಒಂದೇ ಅಂತ ತಿಳಿಯಿರಿ. ವಾರದ ಸರಾಸರಿ ಎತ್ತ ಹೋಗ್ತಿದೆ ಅನ್ನೋದು ಮುಖ್ಯ.

ಇನ್ನು ಚುಚ್ಚೋ ಕ್ರಮ. ಮೊದಲು ಬೆಚ್ಚಗಿನ ನೀರು, ಸೋಪಿನಲ್ಲಿ ಕೈ ತೊಳೆದು ಪೂರ್ತಿ ಒರೆಸಿ. ಹಣ್ಣು ಹೆಚ್ಚಿದ ಬೆರಳನ್ನ ತೊಳೆಯದೆ ಚುಚ್ಚಿದರೆ ಚರ್ಮದ ಮೇಲಿನ ಸಕ್ಕರೆಯೇ ಓದನ್ನ ಎಷ್ಟೋ ಮೇಲಕ್ಕೆ ಎತ್ತುತ್ತೆ. ಸ್ಪಿರಿಟ್ ಹಚ್ಚಿದರೆ ಆರುವ ತನಕ ಕಾಯಿರಿ. ಬೆರಳ ತುದಿಯ ನಡುವೆ ಬೇಡ, ಪಕ್ಕದಲ್ಲಿ ಚುಚ್ಚಿ, ನೋವು ಕಡಿಮೆ. ಕೈ ಕೆಳಗೆ ಇಳಿಬಿಟ್ಟು ಬುಡದಿಂದ ತುದಿಗೆ ಮೆಲ್ಲಗೆ ನೀವಿ. ತುದಿಯನ್ನೇ ಜೋರಾಗಿ ಹಿಂಡಿದರೆ ರಕ್ತದ ಜೊತೆ ಅಂಗಾಂಶದ ದ್ರವವೂ ಬಂದು ಓದು ಕೆಡುತ್ತೆ. ಸ್ಟ್ರಿಪ್‌ನ ಅಂಚನ್ನ ಹನಿಗೆ ತಾಗಿಸಿದರೆ ಸಾಕು, ಅದೇ ಎಳೆದುಕೊಳ್ಳುತ್ತೆ. ರಕ್ತ ಸಾಲಲಿಲ್ಲ ಅಂತ ಅದೇ ಸ್ಟ್ರಿಪ್‌ಗೆ ಇನ್ನೊಂದು ಹನಿ ಹಾಕಬೇಡಿ.

ಸ್ಟ್ರಿಪ್ ಯಾವಾಗಲೂ ಅದರ ಡಬ್ಬಿಯಲ್ಲೇ ಇರಲಿ, ಒಂದು ತೆಗೆದ ಕೂಡಲೇ ಮುಚ್ಚಳ ಹಾಕಿ. ತೇವ ತಾಗಿದರೆ ಅದರೊಳಗಿನ ಕಿಣ್ವ ಹಾಳಾಗುತ್ತೆ. ಬಚ್ಚಲುಮನೆ, ಬಿಸಿಲಲ್ಲಿ ನಿಂತ ಕಾರು ಎರಡೂ ಬೇಡ. ಕೆಲವು ಡಬ್ಬಿಗಳನ್ನ ತೆರೆದ ಮೇಲೆ ಇಂತಿಷ್ಟೇ ತಿಂಗಳು ಅಂತ ಲೇಬಲ್ ಮೇಲೆ ಬರೆದಿರುತ್ತೆ. ತೆರೆದ ದಿನಾಂಕವನ್ನ ಡಬ್ಬಿ ಮೇಲೆ ಬರೆದಿಡಿ.

ಕಟ್ಟುನಿಟ್ಟು:
ಇಷ್ಟೆಲ್ಲ ಯಾಕೆ? ಅನ್ನ, ರೊಟ್ಟಿ, ಹಣ್ಣು, ಸಿಹಿ ಎಲ್ಲ ನಾಳೆಯಿಂದಲೇ ಪೂರ್ತಿ ಬಿಡಿ. ಒಂದೇ ವಾರದಲ್ಲಿ ನಾರ್ಮಲ್.

ಔಷಧಿಕಪಾಟು:
@ಕಟ್ಟುನಿಟ್ಟು ಅವರೇ, ಇಂಥ ಸಲಹೆಯನ್ನ ಎಲ್ಲರಿಗೂ ಕೊಡಬೇಡಿ. ಮೊದಲಹೆಜ್ಜೆಯವರು ಬರೀ ಮೆಟ್‌ಫಾರ್ಮಿನ್ ಮೇಲಿದ್ದಾರೆ, ಅದೊಂದರಿಂದಲೇ ಶುಗರ್ ಅಪಾಯದ ಮಟ್ಟಕ್ಕೆ ಬೀಳೋದು ಅಪರೂಪ. ಆದರೆ ಇದನ್ನ ಓದೋ ಇನ್ನೊಬ್ಬರು ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಅಥವಾ ಇನ್ಸುಲಿನ್ ಮೇಲಿರಬಹುದು. ಆ ಮಾತ್ರೆಗಳು ಊಟ ಬಂತೋ ಇಲ್ವೋ ನೋಡಲ್ಲ, ಇನ್ಸುಲಿನ್ ಹೊರಗೆ ಹಾಕಿಸುತ್ತಲೇ ಇರುತ್ತವೆ. ಕಾರ್ಬ್ (ಅನ್ನ, ರೊಟ್ಟಿ, ಸಿಹಿಯಲ್ಲಿರೋ ಪಿಷ್ಟ, ಸಕ್ಕರೆ) ಒಮ್ಮೆಲೇ ನಿಲ್ಲಿಸಿದರೆ ಶುಗರ್ 50ಕ್ಕೆ ಇಳಿಯಬಹುದು. ಡ್ಯಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮೇಲಿದ್ದವರಿಗೆ ಬೇರೆಯದೇ ಅಪಾಯ: ಕಾರ್ಬ್ ತೀರಾ ಕಡಿಮೆಯಾದರೆ ಶುಗರ್ ಹೆಚ್ಚು ಕಾಣಿಸದೆಯೇ ಕೀಟೋಅಸಿಡೋಸಿಸ್ (ರಕ್ತದಲ್ಲಿ ಆಮ್ಲ ಏರೋ ತುರ್ತು ಸ್ಥಿತಿ) ಆಗಬಹುದು. ಮೊದಲು ಮಾತ್ರೆ ಚೀಟಿ ನೋಡಿ, ಡಾಕ್ಟರ್ ಹತ್ತಿರ ಡೋಸ್ ಇಳಿಸಿಕೊಂಡು, ಆಮೇಲೆ ಕಾರ್ಬ್ ಇಳಿಸಿ.

ಕಟ್ಟುನಿಟ್ಟು:
ಕಾರ್ಬ್ ಇಳಿಸಿದರೆ ಶುಗರ್ ಇಳಿಯುತ್ತೆ ಅನ್ನೋದು ಸುಳ್ಳಾ ಹಾಗಾದರೆ?

ತಟ್ಟೆಅರ್ಧ:
ಸುಳ್ಳಲ್ಲ. ಎಷ್ಟು, ಯಾರಿಗೆ, ಎಷ್ಟು ದಿನ ನಡೆಸಬಹುದು ಅನ್ನೋದೇ ಪ್ರಶ್ನೆ. ಪೂರ್ತಿ ಬಿಟ್ಟವರಲ್ಲಿ ಹೆಚ್ಚಿನವರು ಕೆಲವು ವಾರದಲ್ಲಿ ಮೊದಲಿನ ಪ್ರಮಾಣಕ್ಕೇ ವಾಪಸ್. ವರ್ಷಗಟ್ಟಲೆ ಉಳಿಯೋ ಬದಲಾವಣೆ ಬೇಕು.

ಒಂಬತ್ತು ಇಂಚಿನ ತಟ್ಟೆ ತಗೊಳ್ಳಿ. ಅರ್ಧ ಪಿಷ್ಟವಿಲ್ಲದ ತರಕಾರಿ, ಅಂದರೆ ಸೊಪ್ಪು, ಬೀನ್ಸ್, ಕೋಸು, ಸೌತೆ ಇಂಥವು. ಆಲೂಗಡ್ಡೆ ಆ ಅರ್ಧಕ್ಕೆ ಸೇರಲ್ಲ. ಕಾಲು ಭಾಗ ಪ್ರೋಟೀನ್. ಉಳಿದ ಕಾಲು ಭಾಗ ಧಾನ್ಯ ಅಥವಾ ಗೆಡ್ಡೆ. ಬೇಯಿಸಿದ ಅನ್ನ 100 ಗ್ರಾಂನಲ್ಲಿ ಸುಮಾರು 28 ಗ್ರಾಂ ಕಾರ್ಬ್ ಇರುತ್ತೆ. ಮೊದಲ ವಾರ ತಕ್ಕಡಿಯಲ್ಲಿ ತೂಗಿ ನೋಡಿ, ಆಮೇಲೆ ಅದೇ ಅಳತೆ ಹಿಡಿಯೋ ಒಂದು ಬಟ್ಟಲು ಗುರುತಿಟ್ಟುಕೊಳ್ಳಿ. ಕಣ್ಣಂದಾಜು ದಿನ ಕಳೆದಂತೆ ದೊಡ್ಡದಾಗುತ್ತಾ ಹೋಗುತ್ತೆ.

ತಿನ್ನೋ ಕ್ರಮಕ್ಕೂ ಬೆಲೆ ಇದೆ. ತರಕಾರಿ, ಪ್ರೋಟೀನ್ ಮೊದಲು, ಧಾನ್ಯ ಕೊನೆಗೆ ತಿಂದರೆ ಅದೇ ಪ್ರಮಾಣದ ಊಟಕ್ಕೂ ಏರಿಕೆ ಕಡಿಮೆ. ಹೊಟ್ಟೆ ನಿಧಾನವಾಗಿ ಖಾಲಿಯಾಗುತ್ತೆ, ಅದೇ ಕಾರಣ.

ಮೊದಲು ಕೈಬಿಡಬೇಕಾದ್ದು ಕುಡಿಯೋ ಸಕ್ಕರೆ: ತಂಪು ಪಾನೀಯ, ಹಣ್ಣಿನ ರಸ, ಕಾಫಿ ಟೀಗೆ ಹಾಕೋ ಸಕ್ಕರೆ. ಇಡೀ ಹಣ್ಣು ಬೇರೆ, ರಸ ಬೇರೆ. ಸೋಸಿದ ರಸದಲ್ಲಿ ನಾರು ಹೊರಟುಹೋಗಿರುತ್ತೆ, ಮೂರು ನಾಲ್ಕು ಹಣ್ಣಿನ ಸಕ್ಕರೆ ಒಂದೇ ಲೋಟದಲ್ಲಿ ನಿಮಿಷದಲ್ಲಿ ಒಳಗೆ ಹೋಗುತ್ತೆ. ಜೇನುತುಪ್ಪ ನೈಸರ್ಗಿಕ ಅಂತ ಸಮಾಧಾನ ಮಾಡಿಕೊಳ್ಳಬೇಡಿ, ಶುಗರ್‌ಗೆ ಅದೂ ಸಕ್ಕರೆಯೇ.

ಸೂಕ್ಷ್ಮಓದು:
ಪ್ಯಾಕೆಟ್ ಬಗ್ಗೆ ಒಂದು ಮಾತು ಸೇರಿಸ್ತೀನಿ. ಮುಂದೆ ದೊಡ್ಡದಾಗಿ ಬರೆದಿರೋ ಶುಗರ್ ಫ್ರೀ ಓದಬೇಡಿ, ಹಿಂದೆ ತಿರುಗಿಸಿ ಒಟ್ಟು ಕಾರ್ಬೋಹೈಡ್ರೇಟ್ ಎಷ್ಟು ಅಂತ ನೋಡಿ. ಶುಗರ್ ಫ್ರೀ ಬಿಸ್ಕತ್ತೂ ಹಿಟ್ಟಿನದ್ದೇ. ಸಿಹಿಗೆ ಮಾಲ್ಟಿಟಾಲ್ ಹಾಕಿದ್ದರೆ ಅದೂ ಸ್ವಲ್ಪ ಶುಗರ್ ಏರಿಸುತ್ತೆ, ಹೆಚ್ಚು ತಿಂದರೆ ಹೊಟ್ಟೆಯೂ ಕೆಡುತ್ತೆ. ಜೊತೆಗೆ ಆ ಲೆಕ್ಕ 100 ಗ್ರಾಂಗೋ ಎರಡು ಬಿಸ್ಕತ್ತಿಗೋ ಅನ್ನೋದನ್ನೂ ನೋಡಿ.

ಸಂಜೆನಡಿಗೆ:
ಊಟ ಆದ ಮೇಲೆ ಹತ್ತು ಹದಿನೈದು ನಿಮಿಷ ನಡೆಯಿರಿ, ಅರ್ಧ ಗಂಟೆಯೊಳಗೇ ಶುರು ಮಾಡಿ. ಕೆಲಸ ಮಾಡ್ತಿರೋ ಸ್ನಾಯು ಇನ್ಸುಲಿನ್ ಸಹಾಯ ಇಲ್ಲದೆಯೂ ರಕ್ತದಿಂದ ಗ್ಲುಕೋಸ್ ಎಳೆದುಕೊಳ್ಳುತ್ತೆ. ಇನ್ಸುಲಿನ್ ಪ್ರತಿರೋಧ (ಇನ್ಸುಲಿನ್‌ಗೆ ದೇಹ ಸರಿಯಾಗಿ ಸ್ಪಂದಿಸದಿರೋದು) ಇರೋರಿಗೆ ಇದು ಹಿಂಬಾಗಿಲು ಇದ್ದ ಹಾಗೆ. ಜೋಡಿಲೆಕ್ಕ ಹೇಳಿದ ಪರೀಕ್ಷೆಯನ್ನ ಅದೇ ಊಟಕ್ಕೆ ಒಂದು ದಿನ ನಡೆದು, ಒಂದು ದಿನ ಕೂತು ಮಾಡಿ ನೋಡಿ.

ಕಬ್ಬಿಣದತೋಳು:
ಬೆಳಿಗ್ಗೆ ಒಂದು ಗಂಟೆ ನಡೆದರೆ ಮುಗೀತಲ್ವಾ, ಊಟದ ಮೇಲೆ ಯಾಕೆ? ಅದಕ್ಕಿಂತ ಭಾರ ಎತ್ತೋದು ಮುಖ್ಯ. ಸ್ನಾಯು ಬೆಳೆದಷ್ಟೂ ಗ್ಲುಕೋಸ್ ಇಟ್ಟುಕೊಳ್ಳೋಕೆ ಜಾಗ.

ಸಂಜೆನಡಿಗೆ:
ಎರಡೂ ಬೇಕು. ವಾರಕ್ಕೆ 150 ನಿಮಿಷ ಉಸಿರು ಸ್ವಲ್ಪ ಹೆಚ್ಚೋ ಥರದ ಚಟುವಟಿಕೆ, ಎರಡು ಮೂರು ದಿನ ಸ್ನಾಯುಬಲದ ವ್ಯಾಯಾಮ, ಸತತ ಎರಡು ದಿನಕ್ಕಿಂತ ಹೆಚ್ಚು ಖಾಲಿ ಬಿಡಬಾರದು ಅನ್ನೋದೇ ಈಗಿನ ಸಲಹೆ. ಆದರೆ ಬೆಳಿಗ್ಗೆ ಒಂದು ಗಂಟೆ ನಡೆದು ಉಳಿದ ಹೊತ್ತೆಲ್ಲ ಕುರ್ಚಿಯಲ್ಲಿದ್ದರೆ ಮಧ್ಯಾಹ್ನದ ಏರಿಕೆ ಹಾಗೇ ಉಳಿಯುತ್ತೆ. ಅರ್ಧ ಗಂಟೆಗೊಮ್ಮೆ ಎದ್ದು ಎರಡು ಮೂರು ನಿಮಿಷ ಓಡಾಡೋದೂ ಲೆಕ್ಕಕ್ಕೆ ಬರುತ್ತೆ.

ಇನ್ನೊಂದು, ಜೋರು ವ್ಯಾಯಾಮದ ಕೂಡಲೇ ನೋಡಿದರೆ ಶುಗರ್ ಏರಿರಬಹುದು. ಅಡ್ರಿನಲಿನ್ ಲಿವರ್‌ನಿಂದ ಗ್ಲುಕೋಸ್ ಹೊರಡಿಸುತ್ತೆ. ಗಾಬರಿಯಾಗಿ ವ್ಯಾಯಾಮ ಬಿಡಬೇಡಿ, ಒಂದೆರಡು ಗಂಟೆ ಬಿಟ್ಟು ನೋಡಿ.

ಮೊದಲಹೆಜ್ಜೆ:
ತುಂಬಾ ಉಪಕಾರ. ಆದರೆ ರಾತ್ರಿ ಕಡಿಮೆ ತಿಂದರೂ ಬೆಳಿಗ್ಗೆಯದ್ದೇ ಹೆಚ್ಚಿರುತ್ತಲ್ಲ, ಯಾಕೆ?

ಜೋಡಿಲೆಕ್ಕ:
ಬೆಳಗಿನ ಜಾವ ಕಾರ್ಟಿಸಾಲ್, ಬೆಳವಣಿಗೆಯ ಹಾರ್ಮೋನ್ ಏರುತ್ತವೆ. ಲಿವರ್ ಗ್ಲುಕೋಸ್ ಬಿಡುತ್ತೆ. ಡಯಾಬಿಟಿಸ್ ಇಲ್ಲದವರಲ್ಲಿ ಇನ್ಸುಲಿನ್ ಅದನ್ನ ತಡೆಹಿಡಿಯುತ್ತೆ, ಇಲ್ಲಿ ಅದು ಸಾಲಲ್ಲ.

ಎರಡು ಮೂರು ರಾತ್ರಿ ಮೂರು ಸಲ ನೋಡಿ: ಮಲಗೋ ಮುಂಚೆ, ಮೂರು ಗಂಟೆಗೆ, ಎದ್ದ ಕೂಡಲೇ. ಮಲಗುವಾಗಲೇ 190 ಇದ್ದು ಬೆಳಿಗ್ಗೆ 170 ಅಂದರೆ ತೊಂದರೆ ರಾತ್ರಿ ಊಟದ್ದು. ಅದನ್ನ ಬೇಗ ಮುಗಿಸಿ, ಧಾನ್ಯ ಕಡಿಮೆ ಮಾಡಿ. ಮಲಗುವಾಗ 130, ಮೂರಕ್ಕೆ 135, ಬೆಳಿಗ್ಗೆ 165 ಅಂದರೆ ಲಿವರ್‌ನದ್ದು. ಊಟ ಇನ್ನಷ್ಟು ಕಡಿಮೆ ಮಾಡಿ ಹಸಿದುಕೊಂಡು ಮಲಗೋದರಿಂದ ಅದು ಸರಿಯಾಗಲ್ಲ. ಮೆಟ್‌ಫಾರ್ಮಿನ್ ಮುಖ್ಯವಾಗಿ ಹಿಡಿತಕ್ಕೆ ತರೋದು ಇದನ್ನೇ, ತೂಕ ಇಳಿದಂತೆಯೂ ಇದು ಇಳಿಯುತ್ತೆ. ಮೂರು ಗಂಟೆಗೆ 70ರ ಕೆಳಗಿದ್ದರೆ, ಅದರಲ್ಲೂ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಥರದ್ದರ ಮೇಲಿದ್ದರೆ, ಮಾರನೇ ದಿನವೇ ಡಾಕ್ಟರ್‌ಗೆ ತಿಳಿಸಿ.

ಹಸಿರುಬಳ್ಳಿ:
ಮೆಟ್‌ಫಾರ್ಮಿನ್ ಕಿಡ್ನಿ ಹಾಳು ಮಾಡುತ್ತೆ ಅಂತಾರೆ. ಅದರ ಬದಲು ಗಿಡಮೂಲಿಕೆ ಪುಡಿ ತಗೊಂಡರೆ ಆಗಲ್ವಾ? ಅಡ್ಡಪರಿಣಾಮ ಇಲ್ಲ.

ಔಷಧಿಕಪಾಟು:
ಇದು ಎಲ್ಲ ಕಡೆ ಹಬ್ಬಿರೋ ಮಾತು, ಸರಿಯಲ್ಲ. ಮೆಟ್‌ಫಾರ್ಮಿನ್ ಕಿಡ್ನಿಯನ್ನ ಕೆಡಿಸಲ್ಲ. ಕಿಡ್ನಿ ಮೊದಲೇ ಕೆಟ್ಟಿದ್ದರೆ ಮಾತ್ರೆ ದೇಹದಲ್ಲಿ ಸೇರಿಕೊಂಡು ಲ್ಯಾಕ್ಟಿಕ್ ಅಸಿಡೋಸಿಸ್ (ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಏರೋದು) ಅಪಾಯ ಬರುತ್ತೆ. ಅದಕ್ಕೇ ಇಜಿಎಫ್‌ಆರ್ (ಕಿಡ್ನಿ ಎಷ್ಟು ಚೆನ್ನಾಗಿ ಸೋಸುತ್ತೆ ಅನ್ನೋ ಅಂಕಿ) 30ರ ಕೆಳಗಿದ್ದರೆ ಕೊಡಲ್ಲ, 30ರಿಂದ 45ರ ನಡುವೆ ಇದ್ದರೆ ಹೊಸದಾಗಿ ಶುರು ಮಾಡಲ್ಲ. ಜನ ಕಾರಣ, ಪರಿಣಾಮ ಎರಡನ್ನೂ ತಿರುಗಿಸಿ ಹೇಳ್ತಾರೆ. ಕಿಡ್ನಿಯನ್ನ ನಿಜವಾಗಿ ಸವೆಸೋದು ವರ್ಷಗಟ್ಟಲೆ ಏರಿದ ಶುಗರ್ ಮತ್ತು ಬಿಪಿ.

ಅಡ್ಡಪರಿಣಾಮ ಇಲ್ಲ ಅನ್ನೋ ಪುಡಿಗಳ ಬಗ್ಗೆ ಎಚ್ಚರ. ಕೆಲವು ಪುಡಿಗಳಲ್ಲಿ ಲೇಬಲ್ ಮೇಲೆ ಹೇಳದೆ ಗ್ಲಿಬೆನ್‌ಕ್ಲಮೈಡ್ ಬೆರೆಸಿದ್ದು ಪರೀಕ್ಷೆಯಲ್ಲಿ ಸಿಕ್ಕಿದೆ. ಪುಡಿ ತಿಂದು ಶುಗರ್ ಸರ್ರನೆ ಇಳಿದರೆ ಖುಷಿಪಡಬೇಡಿ, ಅನುಮಾನಪಡಿ.

ಮೆಟ್‌ಫಾರ್ಮಿನ್‌ನ ನಿಜವಾದ ತೊಂದರೆ ಮೊದಲ ವಾರಗಳ ಹೊಟ್ಟೆಯದ್ದು: ವಾಕರಿಕೆ, ಭೇದಿ, ಗ್ಯಾಸ್. ಊಟದ ನಡುವೆಯೇ ನುಂಗಿ. ಒಮ್ಮೆಲೇ 1000ಕ್ಕೆ ಹೋಗದೆ ವಾರಕ್ಕೊಮ್ಮೆ 500ರಂತೆ ಏರಿಸೋದು ವಾಡಿಕೆ. ತಡೆಯೋಕಾಗದಿದ್ದರೆ ನಿಧಾನವಾಗಿ ಬಿಡುಗಡೆಯಾಗೋ ಮಾತ್ರೆ ಕೇಳಿ. ಅದನ್ನ ಮುರಿಯಬೇಡಿ, ಅರೆಯಬೇಡಿ. ಮಲದಲ್ಲಿ ಮಾತ್ರೆಯ ಚಿಪ್ಪು ಹಾಗೇ ಕಂಡರೆ ಹೆದರಬೇಡಿ, ಔಷಧಿ ಒಳಗೆ ಹೋಗಿ ಆಗಿರುತ್ತೆ. ವರ್ಷಗಟ್ಟಲೆ ತಗೊಂಡರೆ ಬಿ12 ಇಳಿಯಬಹುದು, ಆಗಾಗ ನೋಡಿಸಿ. ವಾಂತಿ ಭೇದಿ ಹಿಡಿದು ನೀರೂ ನಿಲ್ಲದಿದ್ದರೆ ಮೆಟ್‌ಫಾರ್ಮಿನ್, ಡ್ಯಾಪಾಗ್ಲಿಫ್ಲೋಜಿನ್ ಥರದ್ದನ್ನ ಆ ದಿನಗಳಿಗೆ ನಿಲ್ಲಿಸೋ ಬಗ್ಗೆ ಡಾಕ್ಟರ್‌ಗೆ ಫೋನ್ ಮಾಡಿ. ಇನ್ಸುಲಿನ್ ಮಾತ್ರ ತಾವಾಗಿಯೇ ನಿಲ್ಲಿಸಬಾರದು.

ಕಾವಲುಗಾರ:
ಶುಗರ್ ಬಿದ್ದರೆ ಏನು ಅನ್ನೋದನ್ನ ಯಾರೂ ಬರೆದಿಲ್ಲ. ನಡುಕ, ಬೆವರು, ಎದೆಬಡಿತ, ತಬ್ಬಿಬ್ಬು. ಒಂದು ಚಾಕಲೇಟ್ ಜೇಬಲ್ಲಿಟ್ಟುಕೊಳ್ಳಿ.

ತಟ್ಟೆಅರ್ಧ:
ಚಾಕಲೇಟ್ ಬೇಡ! ಅದರ ಕೊಬ್ಬು ಸಕ್ಕರೆಯನ್ನ ತಡಮಾಡಿಸುತ್ತೆ. 70ರ ಕೆಳಗಿದ್ದರೆ 15 ಗ್ರಾಂ ಬೇಗ ಹೀರೋ ಸಕ್ಕರೆ: 4 ಗ್ರಾಂನ ಗ್ಲುಕೋಸ್ ಮಾತ್ರೆ ನಾಲ್ಕು, ಇಲ್ಲವೇ ನೀರಲ್ಲಿ ಕದಡಿದ ಸಕ್ಕರೆ ನಾಲ್ಕು ಟೀ ಚಮಚ, ಇಲ್ಲವೇ ಸುಮಾರು 120 ಮಿ.ಲೀ. ಹಣ್ಣಿನ ರಸ. ಹದಿನೈದು ನಿಮಿಷ ಬಿಟ್ಟು ನೋಡಿ, ಇನ್ನೂ 70ರ ಕೆಳಗಿದ್ದರೆ ಮತ್ತೆ ಅಷ್ಟೇ. ಸರಿಹೋದ ಮೇಲೆ ಮುಂದಿನ ಊಟ ದೂರವಿದ್ದರೆ ಏನಾದರೂ ತಿನ್ನಿ. ಡಯಟ್ ಪಾನೀಯದಲ್ಲಿ ಸಕ್ಕರೆಯೇ ಇರಲ್ಲ, ಆತುರದಲ್ಲಿ ಅದನ್ನ ಕುಡಿಸಬೇಡಿ.

ಔಷಧಿಕಪಾಟು:
ಒಂದು ತಿದ್ದುಪಡಿ. ಅಕಾರ್ಬೋಸ್ ಅಥವಾ ವೋಗ್ಲಿಬೋಸ್ ಕೂಡ ತಗೊಳ್ಳೋರಿಗೆ ಮನೆ ಸಕ್ಕರೆ ಬೇಗ ಕೆಲಸ ಮಾಡಲ್ಲ. ಆ ಮಾತ್ರೆಗಳು ಸಕ್ಕರೆ ಒಡೆಯೋದನ್ನೇ ತಡೀತವೆ. ಅವರಿಗೆ ಬರೀ ಗ್ಲುಕೋಸ್ ಆಗಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬೇಡಿ, ಉಸಿರುನಾಳಕ್ಕೆ ಹೋಗುತ್ತೆ. ಪಕ್ಕಕ್ಕೆ ಮಲಗಿಸಿ ಆಂಬುಲೆನ್ಸ್ ಕರೆಯಿರಿ, ಗ್ಲುಕಗಾನ್ (ಶುಗರ್ ಏರಿಸೋ ತುರ್ತು ಔಷಧಿ) ಇದ್ದರೆ ಕೊಡಿ.

ಕಟ್ಟುನಿಟ್ಟು:
ಎಚ್‌ಬಿಎ1ಸಿ 6ರ ಕೆಳಗೆ ಇಳಿಸಿದರೆ ಇದು ಯಾವುದೂ ಬೇಡ. ಎಷ್ಟು ಬೇಗ ಇಳಿಸಿದರೆ ಅಷ್ಟು ಒಳ್ಳೆಯದು.

ಲ್ಯಾಬ್‌ಮೇಜು:
ಮಾತ್ರೆ ಮೇಲೆ ಮಾತ್ರೆ ಏರಿಸಿ 6ರ ಕೆಳಗೆ ತರೋದನ್ನ ಅಕಾರ್ಡ್ ಅಧ್ಯಯನದಲ್ಲಿ ಪ್ರಯತ್ನಿಸಿದ್ದರು. ಹೃದ್ರೋಗದ ಅಪಾಯ ಹೆಚ್ಚಿದ್ದವರ ಮೇಲೆ. ಬಿಗಿ ಗುಂಪಿನಲ್ಲಿ ಸಾವು ಹೆಚ್ಚಾಯಿತು ಅಂತ 2008ರಲ್ಲಿ ಆ ಭಾಗವನ್ನೇ ನಿಲ್ಲಿಸಿದರು. ಅದೇ ಹೊಸದಾಗಿ ಗೊತ್ತಾದವರನ್ನ ಹಿಂಬಾಲಿಸಿದ ಬ್ರಿಟನ್ನಿನ ಯುಕೆಪಿಡಿಎಸ್ 1998ರಲ್ಲಿ ತೋರಿಸಿದ್ದು, 7.9ರ ಬದಲು 7.0 ಸುತ್ತ ಇಟ್ಟುಕೊಂಡರೂ ಕಣ್ಣು, ಕಿಡ್ನಿಯ ತೊಂದರೆ ಗಣನೀಯವಾಗಿ ಇಳಿಯುತ್ತೆ ಅಂತ. ಹಾಗಾಗಿ ಹೆಚ್ಚಿನವರಿಗೆ 7ರ ಕೆಳಗೆ ಅನ್ನೋ ಗುರಿ. ಶುಗರ್ ಬೀಳೋ ಮಾತ್ರೆ ಇಲ್ಲದೆ, ಊಟ ವ್ಯಾಯಾಮದಿಂದಲೇ 6ಕ್ಕೆ ಬಂದರೆ ಸಂತೋಷ, ಅದು ಬೇರೆ ಮಾತು.

8.4 ಅಂದರೆ ಸರಾಸರಿ ಸುಮಾರು 194. ಲೆಕ್ಕ ಹೀಗೆ: 28.7ರಿಂದ ಗುಣಿಸಿ 46.7 ಕಳೆಯಿರಿ. 7ಕ್ಕೆ 154 ಬರುತ್ತೆ. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ, ಅದಕ್ಕೇ ಮೂರು ತಿಂಗಳ ಮುಂಚೆ ಮತ್ತೆ ಮಾಡಿಸಿ ಉಪಯೋಗವಿಲ್ಲ. ಕಬ್ಬಿಣದ ಕೊರತೆಯ ರಕ್ತಹೀನತೆ ಇದ್ದರೆ ಎಚ್‌ಬಿಎ1ಸಿ ಸುಳ್ಳಾಗಿ ಏರುತ್ತೆ, ಇತ್ತೀಚೆಗೆ ರಕ್ತಸ್ರಾವ ಆಗಿದ್ದರೆ ಸುಳ್ಳಾಗಿ ಇಳಿಯುತ್ತೆ. ಮೀಟರ್‌ಗೂ ರಿಪೋರ್ಟ್‌ಗೂ ತಾಳೆ ಬೀಳದಿದ್ದರೆ ಹಿಮೋಗ್ಲೋಬಿನ್ ನೋಡಿಸಿ.

ಕಬ್ಬಿಣದತೋಳು:
ಮಾತ್ರೆ ಪೂರ್ತಿ ಬಿಡಿಸಿಕೊಳ್ಳೋಕೆ ಆಗುತ್ತಾ ಇಲ್ವಾ, ಅದನ್ನ ಹೇಳಿ.

ತಟ್ಟೆಅರ್ಧ:
ಕೆಲವರಿಗೆ ಆಗುತ್ತೆ. ಬ್ರಿಟನ್ನಿನ ಡೈರೆಕ್ಟ್ ಅಧ್ಯಯನದಲ್ಲಿ ಮೂರರಿಂದ ಐದು ತಿಂಗಳು ದಿನಕ್ಕೆ ಸುಮಾರು 850 ಕ್ಯಾಲರಿಯ ಬದಲಿ ಆಹಾರ ಕೊಟ್ಟರು. ಒಂದು ವರ್ಷದ ಕೊನೆಗೆ 46% ಜನ ಮಾತ್ರೆ ಇಲ್ಲದೆ 6.5ರ ಕೆಳಗಿದ್ದರು, ಎರಡು ವರ್ಷಕ್ಕೆ 36%. ಅವರೆಲ್ಲ ಡಯಾಬಿಟಿಸ್ ಬಂದು ಆರು ವರ್ಷದೊಳಗಿನವರು, ತೂಕ ಹೆಚ್ಚಿದ್ದವರು. 15 ಕಿಲೋ ಅಥವಾ ಹೆಚ್ಚು ಇಳಿಸಿದವರಲ್ಲಿ ಹತ್ತರಲ್ಲಿ ಎಂಟಕ್ಕೂ ಹೆಚ್ಚು ಜನಕ್ಕೆ ಫಲ ಸಿಕ್ಕಿತು. ಅಷ್ಟು ಕಡಿಮೆ ಕ್ಯಾಲರಿ ಮನೆಯಲ್ಲೇ ಒಬ್ಬರೇ ಮಾಡೋದಲ್ಲ, ಮೊದಲ ದಿನವೇ ಮಾತ್ರೆ ಹೊಂದಿಸಬೇಕು. ತೂಕ ಮತ್ತೆ ಬಂದರೆ ಶುಗರ್ ಕೂಡ ಬರುತ್ತೆ, ಹಾಗಾಗಿ ವಾಸಿಯಾಯಿತು ಅನ್ನದೆ ಉಪಶಮನ ಅಂತಾರೆ.

ಕಾವಲುಗಾರ:
ತೂಕ ಹೆಚ್ಚಿಲ್ಲದವರ ಬಗ್ಗೆ ಒಂದು ಎಚ್ಚರಿಕೆ. ಸಣಕಲು ಮೈ, ಪ್ರಯತ್ನವಿಲ್ಲದೆ ತೂಕ ಇಳಿಕೆ, ವಿಪರೀತ ಬಾಯಾರಿಕೆ, ಮಾತ್ರೆಗೆ ಬಗ್ಗದ ಶುಗರ್ ಇದ್ದರೆ ಟೈಪ್ 2 ಅಂತಲೇ ಕೂರಬೇಡಿ. ವಯಸ್ಕರಲ್ಲೂ ಟೈಪ್ 1 ಬರುತ್ತೆ, ನಿಧಾನವಾಗಿ ಬೆಳೆಯೋದೂ ಉಂಟು. ಜಿಎಡಿ ಪ್ರತಿಕಾಯ (ಟೈಪ್ 1ರ ಸುಳಿವು ಕೊಡೋದು), ಸಿ-ಪೆಪ್ಟೈಡ್ (ದೇಹ ಎಷ್ಟು ಇನ್ಸುಲಿನ್ ಮಾಡ್ತಿದೆ ಅಂತ ತೋರಿಸೋದು) ಪರೀಕ್ಷೆ ಕೇಳಿ. ಹೊಟ್ಟೆನೋವು, ವಾಂತಿ, ಆಳವಾದ ಬಿರುಸು ಉಸಿರು, ಹಣ್ಣಿನಂಥ ವಾಸನೆ ಇದ್ದರೆ ಪರೀಕ್ಷೆಗೆ ಕಾಯೋದಲ್ಲ, ನೇರ ತುರ್ತು ಚಿಕಿತ್ಸೆಗೆ ಹೋಗಬೇಕು.

ಸೂಕ್ಷ್ಮಓದು:
ತೋಳಿಗೆ ಅಂಟಿಸೋ ಸೆನ್ಸರ್ ಹಾಕಿಸಿಕೊಂಡರೆ ಈ ಚುಚ್ಚಾಟವೇ ಬೇಡ ಅಲ್ವಾ?

ಲ್ಯಾಬ್‌ಮೇಜು:
ಎರಡು ವಾರ ಹಾಕಿಕೊಂಡರೆ ಕಲಿಯೋದು ಬಹಳ ಇದೆ, ಆದರೆ ಬೆರಳ ಪರೀಕ್ಷೆ ಪೂರ್ತಿ ತಪ್ಪಲ್ಲ. ಅದು ಅಳೆಯೋದು ಚರ್ಮದಡಿಯ ದ್ರವ, ರಕ್ತಕ್ಕಿಂತ 5ರಿಂದ 15 ನಿಮಿಷ ಹಿಂದಿರುತ್ತೆ. ಶುಗರ್ ವೇಗವಾಗಿ ಏರಿಳಿಯುವಾಗ ಎರಡೂ ತಾಳೆಯಾಗಲ್ಲ. ಮೊದಲ ದಿನದ ಓದು ಅಷ್ಟು ನಂಬಿಕೆಗೆ ಬರಲ್ಲ. ಅದರ ಮೇಲೆ ಒತ್ತಿ ಮಲಗಿದರೆ ನಡುರಾತ್ರಿ ಸುಳ್ಳೇ 55 ತೋರಿಸಿ ಕಿರುಚುತ್ತೆ, ಆಗ ಮಗ್ಗುಲು ಬದಲಿಸಿ ಬೆರಳಲ್ಲಿ ನೋಡಿ. ಕೆಲವು ಸೆನ್ಸರ್‌ಗಳಿಗೆ ಹೆಚ್ಚು ಡೋಸಿನ ವಿಟಮಿನ್ ಸಿ ಆಗಲ್ಲ, ಕೈಪಿಡಿ ಓದಿ.

ಮೊದಲಹೆಜ್ಜೆ:
ಎರಡು ಪ್ರಶ್ನೆ ಉಳಿದಿವೆ. ಕಣ್ಣು ಮಬ್ಬಾಗಿದೆ, ಕನ್ನಡಕ ಬದಲಾಯಿಸಲಾ? ಮತ್ತೆ ಮುಂದಿನ ಭೇಟಿಗೆ ಏನೇನು ಸಿದ್ಧ ಮಾಡಿಕೊಳ್ಳಬೇಕು?

ಕಾವಲುಗಾರ:
ಹೊಸ ಕನ್ನಡಕ ಈಗಲೇ ಬೇಡ. ಶುಗರ್ ಏರಿಳಿದಾಗ ಕಣ್ಣಿನ ಮಸೂರ ನೀರು ಹೀರಿ ಉಬ್ಬುತ್ತೆ, ನಂಬರ್ ಬದಲಾಗುತ್ತೆ. ಶುಗರ್ ಇಳೀತಾ ಬಂದಾಗ ಮಬ್ಬು ಸ್ವಲ್ಪ ದಿನ ಹೆಚ್ಚಾಗಲೂಬಹುದು. ಶುಗರ್ ಒಂದು ಹದಕ್ಕೆ ಬಂದು ಕೆಲವು ವಾರ ನಿಂತ ಮೇಲೆ ನಂಬರ್ ತೆಗೆಸಿ. ಆದರೆ ಪಾಪೆ ಹಿಗ್ಗಿಸಿ ಮಾಡೋ ರೆಟಿನಾ ಪರೀಕ್ಷೆಯನ್ನ ಮುಂದೂಡಬೇಡಿ. ಟೈಪ್ 2 ಎಷ್ಟು ವರ್ಷದಿಂದ ಒಳಗೇ ಇತ್ತೋ ಗೊತ್ತಿರಲ್ಲ, ಅದಕ್ಕೇ ಗೊತ್ತಾದ ಕೂಡಲೇ ಮಾಡಿಸೋದು. ಅವತ್ತು ಗಾಡಿ ಓಡಿಸಬೇಡಿ. ಒಂದು ಕಣ್ಣಲ್ಲಿ ಮಾತ್ರ ದಿಢೀರ್ ಮಬ್ಬು, ಕಪ್ಪು ಚುಕ್ಕಿ ತೇಲಾಟ, ಪರದೆ ಎಳೆದ ಹಾಗೆ ಅನ್ನಿಸಿದರೆ ಅದೇ ದಿನ ಕಣ್ಣಿನ ಡಾಕ್ಟರ್ ಹತ್ತಿರ ಹೋಗಿ.

ಜೋಡಿಲೆಕ್ಕ:
ಭೇಟಿಗೆ ಒಂದೇ ಹಾಳೆ ಸಾಕು. ಕಂಬ ಹೀಗಿರಲಿ: ದಿನಾಂಕ, ಯಾವ ಊಟ, ಮುಂಚೆ ಎಷ್ಟು, ನಂತರ ಎಷ್ಟು, ಏನು ಬದಲಾಯಿಸಿದಿರಿ. 70ರ ಕೆಳಗೆ ಬಿದ್ದ ಓದುಗಳಿಗೆ ಸುತ್ತು ಹಾಕಿ. ಬೇರೆ ಕಾಯಿಲೆಗೆ ತಗೊಳ್ಳೋ ಮಾತ್ರೆಗಳನ್ನೂ ಬರೆಯಿರಿ, ಪ್ರೆಡ್ನಿಸೊಲೋನ್ ಥರದ ಸ್ಟೀರಾಯ್ಡ್ ಇದ್ದರಂತೂ ಖಂಡಿತ. ಬೆಳಿಗ್ಗೆ ತಗೊಂಡರೆ ಅದು ಮಧ್ಯಾಹ್ನ, ಸಂಜೆಯ ಶುಗರ್ ಏರಿಸುತ್ತೆ.

ಲ್ಯಾಬ್‌ಮೇಜು:
ಜೊತೆಗೆ ಕೇಳಬೇಕಾದ ಪರೀಕ್ಷೆಗಳು: ಎಚ್‌ಬಿಎ1ಸಿ, ಕ್ರಿಯಾಟಿನಿನ್ ಮತ್ತು ಇಜಿಎಫ್‌ಆರ್, ಕೊಲೆಸ್ಟರಾಲ್, ಮೂತ್ರದ ಅಲ್ಬುಮಿನ್-ಕ್ರಿಯಾಟಿನಿನ್ ಅನುಪಾತ (ಕಿಡ್ನಿಯಿಂದ ಪ್ರೋಟೀನ್ ಸೋರುತ್ತಿದೆಯಾ ಅಂತ ನೋಡೋದು). ಬಿಪಿ ನೋಡಿಸಿ, ಪಾದಕ್ಕೆ 10 ಗ್ರಾಂ ಮೊನೊಫಿಲಮೆಂಟ್ (ತೆಳು ನೈಲಾನ್ ಎಳೆ) ಮುಟ್ಟಿಸಿ ಸ್ಪರ್ಶ ನೋಡಿ ಅಂತ ನೀವೇ ಕೇಳಿ.

ಮೊದಲಹೆಜ್ಜೆ:
ಮೂತ್ರದ ಆ ಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕಾ?

ಲ್ಯಾಬ್‌ಮೇಜು:
ಬೇಡ. ಎದ್ದ ಕೂಡಲೇ ಬರೋ ಮೊದಲ ಮೂತ್ರ ಕೊಡಿ. ಜ್ವರ, ಮೂತ್ರದ ಸೋಂಕು, ಮುಟ್ಟು ಇದ್ದಾಗ ಅಥವಾ ಹಿಂದಿನ ದಿನ ಜೋರು ವ್ಯಾಯಾಮ ಮಾಡಿದ್ದರೆ ಕೊಡಬೇಡಿ, ಸುಳ್ಳಾಗಿ ಏರುತ್ತೆ. 30ರ ಮೇಲೆ ಬಂದರೂ ಒಂದೇ ರಿಪೋರ್ಟ್ ನೋಡಿ ಕಿಡ್ನಿ ಹೋಯಿತು ಅಂತ ತೀರ್ಮಾನಿಸಬೇಡಿ, ಮೂರರಿಂದ ಆರು ತಿಂಗಳಲ್ಲಿ ಮೂರು ಸಲ ನೋಡಿ ಎರಡು ಸಲವಾದರೂ ಹೆಚ್ಚಿದ್ದರೆ ಮಾತ್ರ ಅದನ್ನ ಲೆಕ್ಕಕ್ಕೆ ತಗೊಳ್ತಾರೆ.